ಬಾವುಟದ ಬಲಗಡೆ

ಜುಲೈ 8, 2018, ಭಾನುವಾರ

ನಾಳೆಯಿಂದ ಆರು ವಾರ ದಿನಾ ವಿಕಿರಣ ಚಿಕಿತ್ಸೆ. ಶನಿವಾರ, ಭಾನುವಾರ ಮಾತ್ರ ಬಿಡುವು. ಎಡ ಎದೆಯ ಗಂಟು ತೆಗೆದದ್ದಾಯಿತು, ಇನ್ನು ಏನಾದರೂ ಉಳಿದಿದ್ದರೆ ಅದನ್ನು ಸುಡಬೇಕಂತೆ. ಆಸ್ಪತ್ರೆ ನಲವತ್ತು ಮೈಲಿ ದೂರ. ಕಣ್ಣಿಗೆ ಪೊರೆ ಬಂದಿರುವುದರಿಂದ ನಾನು ಹೆದ್ದಾರಿಯಲ್ಲಿ ಕಾರು ಓಡಿಸುವಂತಿಲ್ಲ. ವಾಲಿ ಇದ್ದಿದ್ದರೆ ಗೊಣಗಿಕೊಂಡಾದರೂ ಕರೆದೊಯ್ಯುತ್ತಿದ್ದ. ಗಂಡನೆಂಬ ಪ್ರಾಣಿ ಬೇಕಾದಾಗ ಇರುವುದಿಲ್ಲ. ಅವನು ಹೋಗಿ ಮೂರು ವರ್ಷವಾಯಿತು.

ಯಾರಾದರೂ ಕಾರಿನವರನ್ನು ಗೊತ್ತುಮಾಡಿಕೊಡಿ ಎಂದು ಚರ್ಚಿನಲ್ಲಿ ಕೇಳಿದ್ದೆ. ಇವತ್ತು ಪ್ರಾರ್ಥನೆ ಮುಗಿಸಿ ಹೊರಬರುವಾಗ ಪಾದ್ರಿಯ ಹೆಂಡತಿ ನಗುನಗುತ್ತ ಚೀಟಿ ಕೈಗಿಟ್ಟಳು. "ಆರು ವಾರಕ್ಕೂ ಒಬ್ಬರೇ ಒಪ್ಕೊಂಡಿದಾರೆ, ನಿಮ್ಮ ಅದೃಷ್ಟ" ಎಂದಳು. ಚೀಟಿಯಲ್ಲಿ ಕೊರೀನ್ ಪೌಲಸ್ ಎಂದು ಬರೆದಿತ್ತು.

ಅದೃಷ್ಟವಂತೆ! ಇಡೀ ಕ್ರೆಸ್‌ಬರ್ಗಿನಲ್ಲಿ ಕಾರಿರುವವರು ಬೇರೆ ಯಾರೂ ಸಿಗಲಿಲ್ಲವೇ? ಈ ಹೆಂಗಸೂ ನಾನೂ ಒಂದು ಕಾಲದಲ್ಲಿ ಜೀವ ಒಂದು ದೇಹ ಎರಡು ಎಂಬಂತಿದ್ದವರು. ಊರಿನ ಡ್ರಮ್ಮು-ಕಹಳೆ ತಂಡದಲ್ಲಿ ಅವಳು ರಾಷ್ಟ್ರಧ್ವಜ ಹಿಡಿಯುವವಳು, ನಾನು ಅವಳ ಬಲಗಡೆ ಮರದ ಬಂದೂಕು ಹಿಡಿದು ನಡೆಯುವ ಕಾವಲಿನವಳು. 1968ರ ಆಗಸ್ಟ್ ಹತ್ತಕ್ಕೆ ಅದೆಲ್ಲ ಮುಗಿಯಿತು. ಅಲ್ಲಿಂದ ಐವತ್ತು ವರ್ಷ ಒಂದೇ ಊರಿನಲ್ಲಿದ್ದೇವೆ. ಎದುರಾದರೆ ಚಳಿಯ ಬಗ್ಗೆ ಮಾತಾಡುತ್ತಾಳೆ, ಟೊಮ್ಯಾಟೊ ಬಗ್ಗೆ ಮಾತಾಡುತ್ತಾಳೆ. ಆ ದಿನದ ಬಗ್ಗೆ ಒಂದೇ ಒಂದು ಮಾತಿಲ್ಲ. ಬೈಯಲಿಲ್ಲ, ಅಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಎಂದೋ ಮುಗಿಸುತ್ತಿದ್ದೆ. ಇನ್ನು ಆರು ವಾರ ಆ ಮುಚ್ಚಿದ ಬಾಯಿಯ ಪಕ್ಕ ಕೂರಬೇಕು. ಕ್ಯಾನ್ಸರ್ ಒಂದು ಸಾಲದಾಗಿತ್ತು ನೋಡು.

ಜುಲೈ 9, ಸೋಮವಾರ

ಎಂಟೂಕಾಲಿಗೆ ಬರುತ್ತೇನೆ ಎಂದಿದ್ದಳು. ಎಂಟೂಕಾಲಿಗೆ ಕಿಟಕಿಯಿಂದ ಇಣುಕಿದರೆ ಕಾರು ಆಗಲೇ ಬಂದು ನಿಂತಿದೆ. ಹಾರ್ನ್ ಇಲ್ಲ, ಬಾಗಿಲು ಬಡಿದದ್ದಿಲ್ಲ, ಕೂಗಿದ್ದಿಲ್ಲ. ಕಲ್ಲಿನ ಹಾಗೆ ಕೂತು ಎದುರಿಗೆ ನೋಡುತ್ತಿದ್ದಾಳೆ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವಳು. ತಡಮಾಡುವ ಮಕ್ಕಳಿಗೂ ಒಂದು ಸಲ ಹಾರ್ನ್ ಮಾಡಿದವಳಲ್ಲವಂತೆ.

"ಸೀಟ್ ಬೆಲ್ಟು ಎದೆಗೆ ಒತ್ತುತ್ತಾ?" ಎಂದಳು.

"ಇಲ್ಲ."

ಅಷ್ಟೇ. ಆಮೇಲೆ ನಲವತ್ತು ಮೈಲಿ ಜೋಳದ ಹೊಲ. ಬರುವಾಗ ಅದೇ ಜೋಳದ ಹೊಲ. ಅವಳ ಮೇಲಿನ ಮುಂದಿನ ಹಲ್ಲು ಎರಡೂ ಕಟ್ಟಿಸಿದವು. ಸೀಟು ಎನ್ನುವಾಗ ಸಣ್ಣಗೆ ಸಿಳ್ಳೆ ಬಂತು. ಬಾಯಲ್ಲಿ ಬೈಯದಿದ್ದರೂ ಆ ಸಿಳ್ಳೆ ನನ್ನನ್ನು ಬೈಯುತ್ತಲೇ ಇದೆ.

ಚಿಕಿತ್ಸೆ ನೋಯಲಿಲ್ಲ. ಐದು ನಿಮಿಷ ಅಲ್ಲಾಡದೆ ಮಲಗಬೇಕು. ಅಲ್ಲಾಡದಿರುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜುಲೈ 11, ಬುಧವಾರ

ಲೈಲ್ ಬುಷ್ಕೆ ಬಂದಿದ್ದ. ತಂಡದಲ್ಲಿ ಹೆಗಲ ಮೇಲೆ ಹೊರುವ ದೊಡ್ಡ ಕಹಳೆ ಊದುತ್ತಿದ್ದವನು. ಈಗ ನನ್ನ ಮನೆಯ ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತಿದ್ದ. ಹೊಟ್ಟೆಯ ಮೇಲೆ ಬಿಗಿಯಾದ ಅಂಗಿ, ಅಂಗಿಯ ಮೇಲೆ "ಸೆಂಟಿನೆಲ್ಸ್, ಗೆದ್ದು ಐವತ್ತು ವರ್ಷ" ಎಂದು ನಮ್ಮ ತಂಡದ ಹೆಸರಿನ ಅಚ್ಚು.

"ಆಗಸ್ಟ್ ಹನ್ನೊಂದಕ್ಕೆ ಮೆರವಣಿಗೆ ಕಣಮ್ಮ. ಬಾವುಟ ನೀನೇ ಹಿಡೀಬೇಕು" ಎಂದ.

"ನನ್ನ ಎದೆ ಸುಡ್ತಾ ಇದಾರೆ ಲೈಲ್."

"ಎದೆ ತಾನೆ? ಕೈ ನೆಟ್ಟಗಿದೆಯಲ್ಲ!"

ಇವನ ನಾಲಿಗೆಗಿಷ್ಟು. ಒಂದು ಪುಸ್ತಕವನ್ನೂ ಅಚ್ಚು ಹಾಕಿಸುತ್ತಾರಂತೆ. ಎಲ್ಲರೂ ಅರ್ಧರ್ಧ ಪುಟ ಸವಿನೆನಪು ಬರೆದುಕೊಡಬೇಕಂತೆ. "ನಿನ್ನ ಫೋಟೋನೇ ಮುಖಪುಟಕ್ಕೆ" ಎಂದು ದೊಡ್ಡ ವರ ಕೊಟ್ಟವನ ಹಾಗೆ ಹೇಳಿದ.

ಆ ಫೋಟೋ ಯಾರಿಗೆ ಗೊತ್ತಿಲ್ಲ? ಮಾಜಿ ಸೈನಿಕರ ಲೀಜನ್ ಹಾಲಿನ ಬಾರಿನಲ್ಲಿ ಬಾಟಲಿಗಳ ಸಾಲಿನ ಮೇಲೆ ಚೌಕಟ್ಟು ಹಾಕಿ ನೇತುಬಿಟ್ಟಿದ್ದಾರೆ. ಹದಿನೇಳರ ನಾನು, ಗಲ್ಲ ಮೇಲೆ, ಎರಡೂ ಕೈಯಲ್ಲಿ ಬಾವುಟ. ಕೆಳಗೆ "ನೆಲ ಮುಟ್ಟದ ಬಾವುಟ" ಎಂದು ಪತ್ರಿಕೆಯವರು ಹಾಕಿದ ಸಾಲು. ಫೋಟೋದ ಎಡ ಮೂಲೆಯಲ್ಲಿ ಒಂದು ಬಿಳಿ ಶೂ, ಅಡ್ಡ ಬಿದ್ದದ್ದು. ಅದು ಯಾರದ್ದೆಂದು ಐವತ್ತು ವರ್ಷದಲ್ಲಿ ಬಿಯರು ಕುಡಿಯುತ್ತ ಕೂತ ಒಬ್ಬ ಗಂಡಸೂ ಕೇಳಿಲ್ಲ.

ಬಾವುಟ ಹಿಡಿಯುತ್ತೇನೆ ಎಂದುಬಿಟ್ಟೆ. ಯಾಕೆ ಅಂದೆನೋ. ಬಟಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದದ್ದಕ್ಕೆ ಬೆನ್ನುನೋವು ಸಿಕ್ಕಿತು. ಈ ಊರು ಮರ್ಯಾದೆ ಅಂತ ಕೊಟ್ಟದ್ದು ಇದೊಂದೇ.

ಜುಲೈ 17, ಮಂಗಳವಾರ

ಸವಿನೆನಪು ಬರೆಯಲು ಕೂತೆ. ಮೊದಲ ಸಾಲು: ಬಸ್ಸು ಕಾಲುಚೀಲದ ವಾಸನೆ ಹೊಡೆಯುತ್ತಿತ್ತು. ಹೊಡೆದುಹಾಕಿದೆ.

ಎರಡನೇ ಸಲ: ನಮ್ಮ ತರಬೇತುದಾರ ಜಾಂಡರ್ ಸಾಹೇಬರು ನಮ್ಮನ್ನು ಮನುಷ್ಯರನ್ನಾಗಿ ಮಾಡಿದರು. ಅದನ್ನೂ ಹೊಡೆದುಹಾಕಿದೆ. ಸುಳ್ಳಿಗೂ ಒಂದು ಮಿತಿ ಬೇಕು.

ಆದರೂ ಬಸ್ಸು ಎಂದು ಬರೆದದ್ದೇ ತಡ, ಏನೇನೋ ನುಗ್ಗಿ ಬಂತು. ಬೇಸಿಗೆಯ ಶನಿವಾರಗಳಲ್ಲಿ ಊರೂರು ತಿರುಗಿ ಸ್ಪರ್ಧೆ. ಯಾವುದೋ ಊರಿನ ಶಾಲೆಯ ನೆಲದ ಮೇಲೆ ಅರವತ್ತು ಜನ ಸಾಲಾಗಿ ಮಲಗುವುದು. ಕಹಳೆ ಊದುವ ಹುಡುಗರ ತುಟಿ ಬಾತುಕೊಂಡು ಅವರ ಮುತ್ತು ಯಾರಿಗೂ ಬೇಡವಾಗಿತ್ತು. ಕೊರೀನ್ ಮತ್ತು ನಾನು ಮೆಟ್ಟಿಲ ಮೇಲೆ ಕೂತು ಶೂಗಳಿಗೆ ಬಿಳಿ ಬಳಿಯುತ್ತಿದ್ದೆವು. ಅವಳದನ್ನು ನಾನು, ನನ್ನದನ್ನು ಅವಳು, ಯಾಕಂದರೆ ತನ್ನ ಶೂ ತಾನೇ ಬಳಿದರೆ ಸೋಲುತ್ತೇವೆ ಎಂದು ಅವಳೊಂದು ಶಾಸ್ತ್ರ ಕಟ್ಟಿದ್ದಳು. ಬಳಿದು ಉಳಿದದ್ದನ್ನು ಲೈಲ್‌ನ ಮೂಗಿಗೆ ಸವರುತ್ತಿದ್ದಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ಆಮೇಲೆ ಸಾಲು ನಿಂತು, ಇಪ್ಪತ್ತು ಡ್ರಮ್ಮು ಒಟ್ಟಿಗೆ ಬಿದ್ದರೆ ಆ ಪೆಟ್ಟು ಹಿಮ್ಮಡಿಯಿಂದ ಏರಿ ಎದೆಯಲ್ಲಿ ಗುದ್ದುತ್ತಿತ್ತು. ಅಷ್ಟು ಸುಖ ನನಗೆ ಮತ್ತೆಲ್ಲೂ ಸಿಗಲಿಲ್ಲ, ಮದುವೆಯಲ್ಲೂ.

ಇದನ್ನು ಲೈಲ್‌ಗೆ ಯಾಕೆ ಕೊಡಲಿ? ಹರಿದು ಹಾಕಿದೆ.

ಜುಲೈ 20, ಶುಕ್ರವಾರ

ಹತ್ತನೇ ದಿನ. ಚರ್ಮ ಕೆಂಪಾಗಿದೆ. ಅವಳು ಸೀಟ್ ಬೆಲ್ಟಿನ ಕೆಳಗೆ ಇಟ್ಟುಕೊಳ್ಳಲು ಪುಟ್ಟ ದಿಂಬು ತಂದಿದ್ದಳು, ತಾನೇ ಹೊಲಿದದ್ದು. ಥ್ಯಾಂಕ್ಸ್ ಅಂದೆ. "ಸರಿ" ಅಂದಳು. ಸಿಳ್ಳೆ.

ಜುಲೈ 24, ಮಂಗಳವಾರ

ಇವತ್ತು ಕಾರಿನಲ್ಲಿ ಅವಳ ಬಾಯಿ ಕಡೆಯೇ ನೋಡುತ್ತಿದ್ದೆ. ಬರೆದೇ ಬಿಡುತ್ತೇನೆ, ಈ ದಿನಚರಿಯನ್ನು ಹೇಗೂ ಯಾರೂ ಓದುವುದಿಲ್ಲ.

1968ರ ಆ ಆಗಸ್ಟ್ ಹತ್ತು, ರಾಜ್ಯಮಟ್ಟದ ಸ್ಪರ್ಧೆ. ಸುಡುಬಿಸಿಲು, ಮೈಮೇಲೆ ಉಣ್ಣೆಯ ಸಮವಸ್ತ್ರ. ಮೈದಾನಕ್ಕೆ ಇಳಿಯುವ ಮುಂಚೆ ನೀರು ಕುಡಿಯಕೂಡದೆಂದು ಜಾಂಡರ್‌ನ ಅಪ್ಪಣೆ. ಆಗೆಲ್ಲ ತೀರ್ಪುಗಾರರು ಕಾಗದ ಹಿಡಿದು ಮೈದಾನದಲ್ಲಿ ನಮ್ಮ ನಡುವೆಯೇ ಓಡಾಡುತ್ತಿದ್ದರು. ನೂರು ಅಂಕದಿಂದ ಶುರು, ಪ್ರತಿ ತಪ್ಪಿಗೂ ಒಂದು ಅಂಕದ ಹತ್ತನೇ ಒಂದು ಭಾಗ ಕಳೆಯುವುದು. ಹೆಜ್ಜೆ ತಪ್ಪಿದರೆ ಹತ್ತನೇ ಒಂದು, ಬಂದೂಕು ಬಿದ್ದರೆ ಹತ್ತನೇ ಒಂದು. ರಾಷ್ಟ್ರಧ್ವಜ ನೆಲ ಮುಟ್ಟಿದರೆ ಮಾತ್ರ ಪೂರ್ತಿ ಒಂದು ಅಂಕ.

ಅದಕ್ಕೇ ಜಾಂಡರ್ ಚಳಿಗಾಲವೆಲ್ಲ ಬಟಾಣಿ ಕಾರ್ಖಾನೆಯ ಗೋದಾಮಿನಲ್ಲಿ ನಮಗೊಂದು ಅಭ್ಯಾಸ ಮಾಡಿಸುತ್ತಿದ್ದ. ನಾವು ನಡೆಯುತ್ತಿರುವಾಗ ಹಿಂದಿನಿಂದ ಕಳ್ಳಹೆಜ್ಜೆಯಲ್ಲಿ ಬಂದು ಬಾವುಟ ಹಿಡಿದವಳನ್ನು ತಟಕ್ಕನೆ ನೂಕುವುದು. ಅವಳು ಬಿದ್ದರೆ ಬೀಳಲಿ, ಬಲಗಡೆಯವಳು ಬಾವುಟ ಹಿಡಿಯಬೇಕು. ಕೋಲು ನೆಲಕ್ಕೆ ತಾಗಿದರೆ ಗೋದಾಮಿನ ಸುತ್ತ ಇಪ್ಪತ್ತು ಸುತ್ತು ಓಟ. "ಮನುಷ್ಯರು ಬಿದ್ರೆ ಎದ್ದೇಳ್ತಾರೆ ಹುಡುಗೀರಾ, ಬಾವುಟ ಏಳಲ್ಲ" ಎನ್ನುತ್ತಿದ್ದ. ಎಷ್ಟು ನೂರು ಸಲ ನೂಕಿದನೋ ದೇವರಿಗೇ ಗೊತ್ತು.

ಕೊನೆಯ ಹಾಡು ಶುರುವಾದಾಗ ಕೊರೀನ್ ಬಿದ್ದಳು. ಜ್ಞಾನ ತಪ್ಪಿ, ಮುಖ ಅಡಿಯಾಗಿ, ಒಣಗಿ ಕಲ್ಲಾಗಿದ್ದ ನೆಲದ ಮೇಲೆ. ನಾನು ಬಂದೂಕು ಬಿಟ್ಟು ಬಾವುಟ ಹಿಡಿದೆ. ಆಟ ಮುಗಿಯುವವರೆಗೆ ಹೊರಗಿನವರು ಗೆರೆ ದಾಟಿ ಒಳಗೆ ಬರುವಂತಿಲ್ಲ. ಇನ್ನೂ ಮೂರೂವರೆ ನಿಮಿಷ ಇತ್ತು. ಮೂರೂವರೆ ನಿಮಿಷ ಅವಳು ನನ್ನ ಕಾಲ ಬುಡದಲ್ಲಿ ಬಿದ್ದಿದ್ದಳು, ನಾನು ಎದುರಿಗೆ ನೋಡುತ್ತ ನಿಂತಿದ್ದೆ.

ಮೂರು ಹತ್ತಾಂಶದಲ್ಲಿ ಗೆದ್ದೆವು. ಜಾಂಡರ್ ನನ್ನ ಬೆನ್ನು ತಟ್ಟಿ, "ಬಂದೂಕಿಗೆ ಹೋದದ್ದು ಹತ್ತನೇ ಒಂದು. ಬಾವುಟಕ್ಕೆ ಒಂದು ಹೋಗ್ತಿತ್ತು. ಭೇಷ್" ಎಂದ. ಅವಳ ಎರಡು ಹಲ್ಲು ಅವನ ಲೆಕ್ಕದಲ್ಲಿ ಬರಲೇ ಇಲ್ಲ. ಕೊರೀನ್ ಮತ್ತೆ ತಂಡಕ್ಕೆ ಕಾಲಿಡಲಿಲ್ಲ, ಲೀಜನ್ ಹಾಲಿನ ಹೊಸ್ತಿಲನ್ನೂ ತುಳಿಯಲಿಲ್ಲ.

ನಾನು ಹದಿನೇಳರ ಹುಡುಗಿ. ನನ್ನನ್ನು ಏನು ಮಾಡು ಅಂತೀರಿ?

ಜುಲೈ 30, ಸೋಮವಾರ

ಆಸ್ಪತ್ರೆಯಿಂದ ಹೊರಗೆ ಬಂದವಳೇ ಕಾರುಗಳ ನಡುವೆ ನಿಂತು ವಾಂತಿ ಮಾಡಿಕೊಂಡೆ. ಅವಳು ಬಂದು ಹಣೆ ಹಿಡಿದುಕೊಂಡಳು. ಕೈ ತಣ್ಣಗಿತ್ತು. ಊರಿನ ದಾರಿಗೆ ಬಿದ್ದ ಮೇಲೆ ತಾನಾಗಿಯೇ ಬಾಯಿಬಿಟ್ಟಳು.

"ಲೈಲ್ ಸಿಕ್ಕಿದ್ದ. ಬಾವುಟ ಹಿಡೀತೀಯಂತೆ?"

"ಹೂಂ."

"ತಲೆ ನೆಟ್ಟಗಿದೆಯೇನೇ ನಿಂಗೆ?"

ಐವತ್ತು ವರ್ಷದ ಮೇಲೆ ನನ್ನನ್ನು 'ಏನೇ' ಎಂದಳು. ನನಗೂ ರೇಗಿತು.

"ಒಪ್ಕೊಂಡಿದೀನಿ, ಹಿಡೀತೀನಿ."

"ಬೀಳ್ತೀಯ."

"ಬಿದ್ರೆ ಬೀಳ್ತೀನಿ. ನಿಂಗೇನು?"

ಹಾಲಿನ ಡೈರಿ ದಾಟಿದೆವು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ, "ಬಲಗಡೆ ನಾನು ನಡೀತೀನಿ. ಆ ಬಾವುಟ ಬೇಕಾದ್ರೆ ಹಾಳಾಗಿಹೋಗ್ಲಿ. ನೀನು ಬಿದ್ರೆ ನಾನು ನಿನ್ನನ್ನ ಹಿಡ್ಕೋತೀನಿ" ಎಂದಳು. 'ನಿನ್ನನ್ನ' ಎಂಬುದನ್ನು ಒತ್ತಿ ಹೇಳಿದಳು.

ಚುಚ್ಚಿದಳೋ ಕನಿಕರಪಟ್ಟಳೋ ತಿಳಿಯಲಿಲ್ಲ. ಎರಡೂ ಇರಬೇಕು. ಸಂಜೆಯವರೆಗೂ ಒಳಗೊಳಗೇ ಕುದಿಯುತ್ತಿದ್ದೆ. ತಾನು ನನಗಿಂತ ಒಳ್ಳೆಯವಳು ಎಂದು ಊರೆದುರು ತೋರಿಸಬೇಕಾಗಿದೆ ಅವಳಿಗೆ, ತೋರಿಸಲಿ.

ಆಗಸ್ಟ್ 1, ಬುಧವಾರ

ಹೋದ ವಾರ ಆ ಸ್ಪರ್ಧೆಯ ಬಗ್ಗೆ ಬರೆಯುವಾಗ ಒಂದನ್ನು ಬಿಟ್ಟಿದ್ದೆ.

ಬೀಳುವ ಮುಂಚೆ ಅವಳು ಹೇಳಿದ್ದಳು. ತುಟಿ ಅಲುಗದ ಹಾಗೆ, "ಮಾರ್ಲಿಸ್, ಕಣ್ಣು ಕಾಣ್ತಿಲ್ಲ ಕಣೇ" ಎಂದಿದ್ದಳು. ತೀರ್ಪುಗಾರ ಎರಡು ಮಾರು ದೂರದಲ್ಲಿದ್ದ. ಮಾತಾಡಿದರೆ ಹತ್ತನೇ ಒಂದು. ನಾನು ಕೇಳಿಸದವಳ ಹಾಗೆ ನಿಂತೆ.

ವಾಲಿಗೂ ಇದನ್ನು ಹೇಳಿಲ್ಲ.

ಆಗಸ್ಟ್ 5, ಭಾನುವಾರ

ಕೊರೀನಳ ಮನೆಯ ಮುಂದೆ ಅಭ್ಯಾಸ. ನಾನು ನೆಲ ಒರೆಸುವ ಕೋಲು ಹಿಡಿದೆ, ಅವಳು ಪೊರಕೆ. ಎರಡು ಮುದುಕಿಯರು ಬೆಳಿಗ್ಗೆ ಬೆಳಿಗ್ಗೆ ಅಂಗಳದಲ್ಲಿ ಎಡ ಬಲ ಎಂದು ಕುಣಿಯುವುದನ್ನು ನೋಡಲು ಎದುರುಮನೆಯವರು ಕಾಫಿ ಹಿಡಿದು ಜಗುಲಿಗೇ ಬಂದರು.

"ಹಿಮ್ಮಡಿ ಮೊದಲು ಊರೇ, ಬಾತುಕೋಳಿ!" ಎಂದಳು.

"ನನ್ನ ಮಂಡಿ ಅರವತ್ತೇಳರದ್ದು ತಾಯಿ."

"ನಿನ್ನ ಮಂಡಿ ಹದಿನಾರರಲ್ಲೂ ಹೀಗೇ ಇತ್ತು."

ಡ್ರಮ್ಮು ಇಲ್ಲದ್ದರಿಂದ ಬಾಯಲ್ಲೇ ಡರ್ರ ಟಕ ಟಕ ಎಂದು ಶುರುಮಾಡಿದಳು. ಆ ಸಿಳ್ಳೆಹಲ್ಲಿನಲ್ಲಿ! ಒಂದು ಪೆಟ್ಟೂ ಮರೆತಿಲ್ಲ. ನಾಲ್ಕನೇ ಸುತ್ತಿಗೆ ನನ್ನ ಕಾಲು ಕಾಂಕ್ರೀಟಿನ ಬಿರುಕಿಗೆ ಸಿಕ್ಕಿ ಕೋಲು ಒಂದಿಷ್ಟು ವಾಲಿತು. ವಾಲಿತೋ ಇಲ್ಲವೋ, ಪೊರಕೆ ಕೆಳಗೆ, ಅವಳ ಕೈ ಕೋಲಿನ ಮೇಲೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಬಿದ್ದುಬಿದ್ದು ನಕ್ಕೆವು. "ಜಾಂಡರ್ ಸತ್ತು ಮಣ್ಣಾದ್ರೂ ನಮ್ಮನ್ನ ಬಿಟ್ಟಿಲ್ಲ ಕಣೇ" ಎಂದಳು.

ಆಮೇಲೆ ರುಬಾರ್ಬ್ ಎಂಬ ಹುಳಿ ದಂಟಿನ ಪೈ ಕೊಟ್ಟಳು. ಸಕ್ಕರೆ ಕಮ್ಮಿ. ಆ ಕಾಲದಲ್ಲಿ ನಾನು ಅವಳನ್ನು ಕೋರಿ ಎನ್ನುತ್ತಿದ್ದೆ; ಸಕ್ಕರೆ ಹಾಕುವುದಕ್ಕೆ ಕೋರಿಯ ಕೈ ಎಂದೂ ಬಂದದ್ದಿಲ್ಲ. ಎರಡು ತುಂಡು ತಿಂದೆ.

ಆಗಸ್ಟ್ 10, ಶುಕ್ರವಾರ

ಚರ್ಮ ಸುಲಿಯುತ್ತಿದೆ. ಡಾಕ್ಟರಿಗೆ ಮೆರವಣಿಗೆಯ ವಿಷಯ ಹೇಳಲಿಲ್ಲ. ಕೋರಿ ಎರಡು ಜೊತೆ ಬಿಳಿ ಶೂ ತಂದು ನನ್ನ ಮೆಟ್ಟಿಲ ಮೇಲೆ ಕೂತಳು. ಏನೂ ಹೇಳದೆ ನನ್ನ ಜೊತೆಯನ್ನು ಎತ್ತಿಕೊಂಡು ಬಳಿಯತೊಡಗಿದಳು. ನಾನು ಅವಳದನ್ನು ಬಳಿದೆ. ನಾಳೆ ಒಂಬತ್ತು ಬೀದಿ ನಡೆಯಬೇಕು, ಅಷ್ಟೇ. ಬಿಸಿಲು ಜಾಸ್ತಿ ಇರುತ್ತದಂತೆ.

ಆಗಸ್ಟ್ 12, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲ ಮಣಿಕಟ್ಟು ಮುರಿದಿದೆ. ಗಲ್ಲಕ್ಕೆ ಆರು ಹೊಲಿಗೆ. ಒಂದು ಹಲ್ಲು ಹೋಯಿತು.

ಬಾವುಟ ನೆಲ ಮುಟ್ಟಲಿಲ್ಲ.

ಆಗಸ್ಟ್ 14, ಮಂಗಳವಾರ

ಕೈ ಸೋತರೂ ಇದನ್ನು ಬರೆಯಲೇಬೇಕು.

ಮಧ್ಯಾಹ್ನ ಕೋರಿ ಬಂದಳು. ಶನಿವಾರದ ನಂತರ ಇದೇ ಮೊದಲು. ಕುರ್ಚಿ ಎಳೆದುಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಳು. ಅವಳ ಕಣ್ಣು ಊದಿಕೊಂಡಿತ್ತು.

"ಏಳನೇ ಬೀದೀಲಿ ಕಣ್ಣು ಕತ್ತಲೆ ಬರ್ತಿದೆ ಅಂದೆ ನೀನು" ಎಂದಳು.

"ಅಂದೆ."

"ನಾನೇನಂದೆ?"

"ಇನ್ನೊಂದು ತಿರುವು ಅಷ್ಟೇ, ತಡ್ಕೋ ಅಂದೆ ನೀನು."

"ಹೌದು, ತಡ್ಕೋ ಅಂದೆ" ಎಂದು ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡಳು. "ನಿನ್ನನ್ನ ಹಿಡಿಯೋಕೇ ಬಂದಿದ್ದೆ ಕಣೇ. ಆ ಬಾವುಟ, ಆ ಮೆರವಣಿಗೆ ಯಾವುದೂ ನಂಗೆ ಬೇಕಿರ್ಲಿಲ್ಲ. ನೀನು ವಾಲಿದ್ದು ಕಾಣಿಸ್ತು. ಕೈ ಚಾಚಿದೆ. ಚಾಚಿದ ಕೈ ಕೋಲಿಗೆ ಹೋಯ್ತು. ನೀನು ಬಿದ್ದ ಸದ್ದು ಕೇಳಿಸ್ತು. ನಾನು ಗಲ್ಲ ಎತ್ತಿ ಎದುರಿಗೆ ನೋಡ್ತಾ ನಿಂತಿದ್ದೆ. ಲೈಲ್ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯ್ತು."

ಬಾಯಿ ಬಾತಿತ್ತು. "ಅದು ಜಾಂಡರ್‌ನ ಕೈ, ನಿನ್ನದಲ್ಲ" ಎಂದೆ.

"ಅವತ್ತಿನದೂ ಹಾಗೇನಾ?"

"ಹಾಗೇ." ಆಮೇಲೆ ಅದೊಂದನ್ನೂ ಹೇಳಿಬಿಟ್ಟೆ. "ಕಣ್ಣು ಕಾಣ್ತಿಲ್ಲ ಅಂತ ನೀನು ಅಂದಿದ್ದು ನಂಗೆ ಕೇಳಿಸಿತ್ತು ಕೋರಿ."

"ಗೊತ್ತು. ನಿನ್ನ ಕಣ್ಣು ಈ ಕಡೆ ಹೊರಳಿದ್ದು ನೋಡಿದ್ದೆ."

ಐವತ್ತು ವರ್ಷ ಅದೂ ಗೊತ್ತಿತ್ತು ಅವಳಿಗೆ! ಇಷ್ಟು ಹೇಳಿ ಎದ್ದಳು. ಸಮಾಧಾನವಾಗಿ ಎದ್ದಳೆಂದುಕೊಂಡೆ. ಬಾಗಿಲ ಹತ್ತಿರ ನಿಂತು, ಬೆನ್ನು ಹಾಕಿಕೊಂಡೇ ಹೇಳಿದಳು.

"ಬಸ್ಸು ಓಡಿಸುವಾಗ, ಅಡುಗೆ ಮಾಡುವಾಗ, ಹಲ್ಲು ತೆಗೆದು ಲೋಟದಲ್ಲಿ ಹಾಕುವಾಗ, ಒಂದೇ ಅಂದ್ಕೋತಿದ್ದೆ. ಅವಳ ಜಾಗದಲ್ಲಿ ನಾನಿದ್ದಿದ್ರೆ ಅವಳನ್ನೇ ಹಿಡೀತಿದ್ದೆ ಅಂತ. ಅದಕ್ಕೇ ಬಾಯಿ ಬಿಡಲಿಲ್ಲ. ಬೈದ್ರೆ ನೀನೇನೋ ಒಂದು ಕಾರಣ ಕೊಡ್ತೀಯ, ಜಗಳ ಮುಗಿದುಹೋಗುತ್ತೆ. ನಾನು ನಿನಗಿಂತ ಒಳ್ಳೆಯವಳು ಅನ್ನೋದೊಂದೇ ಕಣೇ ಅವತ್ತಿಂದ ನನ್ನ ಹತ್ರ ಇದ್ದದ್ದು. ಶನಿವಾರ ಅದೂ ಹೋಯ್ತು."

ಹೋದಳು. ಕಾರು ಹೊರಟ ಸದ್ದು ಕೂಡ ಕೇಳಿಸಲಿಲ್ಲ.

ಆಗಸ್ಟ್ 16, ಗುರುವಾರ

ಕೋರಿ ಬರಲಿಲ್ಲ. ನಿಂತಿದ್ದ ಚಿಕಿತ್ಸೆ ಇವತ್ತು ಮತ್ತೆ ಶುರು. ಪಾದ್ರಿಯ ಹೆಂಡತಿ ಕರೆದೊಯ್ದಳು. ನಲವತ್ತು ಮೈಲಿ ಹೋಗುತ್ತ, ನಲವತ್ತು ಮೈಲಿ ಬರುತ್ತ ಬಾಯಿ ಮುಚ್ಚಲಿಲ್ಲ. ತಲೆನೋವು ಬಂತು. ಸೀಟ್ ಬೆಲ್ಟಿನ ದಿಂಬು ಕೋರಿಯ ಕಾರಿನಲ್ಲೇ ಉಳಿದಿದೆ.

ಆಗಸ್ಟ್ 17, ಶುಕ್ರವಾರ

ಇವತ್ತೂ ಪಾದ್ರಿಯ ಹೆಂಡತಿ. ಕೋರಿಗೆ ಫೋನು ಮಾಡಿದೆ, ಎತ್ತಲಿಲ್ಲ.

ಸಂಜೆ ಲೈಲ್ ಪತ್ರಿಕೆ ಹಿಡಿದುಕೊಂಡು ಕುಣಿಯುತ್ತ ಬಂದ. ಮೊದಲ ಪುಟದಲ್ಲಿ ಕೋರಿಯ ಫೋಟೋ. ಗಲ್ಲ ಮೇಲೆ, ಎರಡೂ ಕೈಯಲ್ಲಿ ಬಾವುಟ. "ಐವತ್ತು ವರ್ಷದ ಮೇಲೂ ನೆಲ ಮುಟ್ಟದ ಬಾವುಟ" ಎಂಬ ಸಾಲು. ಎಡ ಮೂಲೆಯಲ್ಲಿ ಒಂದು ಬಿಳಿ ಶೂ, ಅಡ್ಡ ಬಿದ್ದದ್ದು. ನನ್ನದು. ಕೋರಿ ಚೆನ್ನಾಗಿಯೇ ಬಳಿದಿದ್ದಾಳೆ, ಹೊಳೆಯುತ್ತಿತ್ತು.

"ಎಂಥಾ ಜೋಡಿ ಫೋಟೋ ಅಲ್ವಾ? ಹಾಲಿನಲ್ಲಿ ಪಕ್ಕಪಕ್ಕ ಹಾಕಿಸ್ತೀವಿ" ಎಂದ. "ಸವಿನೆನಪು ಬರೆದ್ಯಾ?"

"ಲೈಲ್, ಆ ಮೂಲೇಲಿರೋ ಶೂ ಯಾರದ್ದು?"

ಕನ್ನಡಕ ಏರಿಸಿ ನೋಡಿದ. "ನಿಂದಲ್ವಾ?"

"ಹಳೇ ಫೋಟೋದ್ದು?"

ಬ್ಬೆಬ್ಬೆಬ್ಬೆ ಎಂದ. ಗೊತ್ತಿಲ್ಲ ಅವನಿಗೆ! ಆ ಫೋಟೋದ ಕೆಳಗೆ ನಲವತ್ತು ವರ್ಷ ಬಿಯರು ಕುಡಿದ ಮಹಾರಾಯ. ಮೂಗಿಗೆ ಅವಳ ಕೈಯಿಂದ ಬಿಳಿ ಸವರಿಸಿಕೊಂಡವನು. ಎದ್ದು ಬಾಗಿಲು ತೆರೆದು ಹಿಡಿದೆ. "ಸವಿನೆನಪು ಬೇಕಾ? ಬರ್ಕೋ. ಕೊರೀನ್ ಪೌಲಸ್ ಅಂತ ಒಬ್ಬಳಿದ್ದಳು. ಅಷ್ಟೇ ಹಾಕು, ಉಳಿದ ಅರ್ಧ ಪುಟ ಖಾಲಿ ಬಿಡು" ಎಂದೆ. ಬರೆದುಕೊಳ್ಳದೆಯೇ ಹೋದ.

ಆಗಸ್ಟ್ 20, ಸೋಮವಾರ

ಎಂಟೂಕಾಲಿಗೆ ಪಾದ್ರಿಯ ಹೆಂಡತಿ ಬರಬೇಕಿತ್ತು. ಎಂಟು ಹತ್ತಕ್ಕೆ ಬೀದಿಯೇ ಬೆಚ್ಚಿಬೀಳುವಂತೆ ಹಾರ್ನು. ಒತ್ತಿದ ಕೈ ತೆಗೆಯಲಿಲ್ಲ. ಎದುರುಮನೆಯ ನಾಯಿ ಬೊಗಳತೊಡಗಿತು. ನಾನು ಒಂದೇ ತೋಳಿಗೆ ಕೋಟು ಸಿಕ್ಕಿಸಿಕೊಂಡು ಹೊರಗೆ ಓಡಿದರೆ ಕೋರಿಯ ಕಾರು.

"ಏನು ಬಂತೇ ನಿಂಗೆ? ಊರೆಲ್ಲ ಎಬ್ಬಿಸ್ತೀಯಾ?"

"ಕಾರು ಹತ್ತು ಮೊದಲು!"

ದಿಂಬು ಸೀಟಿನ ಮೇಲೆಯೇ ಇತ್ತು. ಬೆಲ್ಟು ಹಾಕುವ ಮುಂಚೆಯೇ ಶುರುಮಾಡಿದಳು. ಊರ ಗಡಿ ದಾಟಿದರೂ ನಿಲ್ಲಿಸಲಿಲ್ಲ.

"ಮೂರೂವರೆ ನಿಮಿಷ ಕಣೇ! ಅರ್ಧದಲ್ಲೇ ಎಚ್ಚರ ಆಗಿತ್ತು ನಂಗೆ. ಕಿವಿಗೆ ಇರುವೆ ಹತ್ತಿತ್ತು. ಬಾಯಿ ತುಂಬ ರಕ್ತ. ಎದುರಿಗೆ ನಿನ್ನ ಶೂ. ಅದನ್ನ ಬಳಿದವಳು ನಾನು! ಒಂದೇ ಒಂದು ಸಲ ಕೆಳಗೆ ನೋಡೋಕಾಗಲಿಲ್ವಾ?"

"ನೀನು ನೋಡಿದ್ಯಾ ಮೊನ್ನೆ?"

"ಇಲ್ಲ! ಅದಕ್ಕೇ ಇನ್ನೂ ಸಿಟ್ಟು!"

"ಮತ್ತೆ ನನ್ನ ಮದುವೆಗೆ ಯಾಕೆ ಬರಲಿಲ್ಲ? ಅರ್ಧ ಗಂಟೆ ಕಾದೆ ನಿಂಗೋಸ್ಕರ."

"ಹಲ್ಲಿಲ್ಲದ ಬಾಯಲ್ಲಿ ಬಂದು ಫೋಟೋಗೆ ನಗಬೇಕಿತ್ತಾ?"

ನಾನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ. ನನ್ನ ಹೋದ ಹಲ್ಲಿನ ಸಂದಿನಿಂದಲೂ ಈಗ ಸಿಳ್ಳೆ ಬರುತ್ತದೆ. ಎರಡು ಸಿಳ್ಳೆಗಳು ಕೂಗಾಡಿಕೊಂಡು ನಲವತ್ತು ಮೈಲಿ ಹೋದದ್ದೇ ತಿಳಿಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದಾಗಲೂ ಬೈಯುತ್ತಲೇ ಇದ್ದಳು. ಚಕ್ರದ ಕುರ್ಚಿ ತಂದ ನರ್ಸು ಹೆದರಿ ಹಿಂದೆ ಸರಿದಳು.

ವಾಪಸು ಬರುವಾಗ ಜೋಳದ ಹೊಲಗಳ ನಡುವೆ, "ಬುಧವಾರ ಮುಗಿಯುತ್ತೆ ಚಿಕಿತ್ಸೆ. ಆಮೇಲೆ ನೀನು ಬರಬೇಕಾಗಿಲ್ಲ" ಎಂದೆ.

"ಗುರುವಾರ ಎಂಟೂಕಾಲಿಗೆ ಬರ್ತೀನಿ" ಎಂದಳು.

"ಯಾಕೆ? ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಬೈಯೋದು ಇನ್ನೂ ಐವತ್ತು ವರ್ಷದ್ದು ಇದೆ."

ಸರಿ ಎಂದೆ. ಗುರುವಾರ ಬೇಗ ಏಳಬೇಕು.